ಗಸ್ ಕದ್ದ ಹದಿನಾಲ್ಕು ಆಟಿಕೆಗಳು

ನಿವೃತ್ತಿಯ ದಿನ ಎಲ್ವುಡ್ ಸ್ಟ್ರಾಯರ್‌ಗೆ ಶಾಲೆಯವರು ಒಂದು ಗಡಿಯಾರ ಕೊಟ್ಟರು. ಹೆಂಡತಿ ನಡೀನ್ ಒಂದು ಗಡುವು ಕೊಟ್ಟಳು. ಬೇಸಿಗೆ ಮುಗಿಯುವುದರೊಳಗೆ ಮುಂಬಾಗಿಲ ಕೋಣೆಯಲ್ಲಿರುವ ಆಟಿಕೆಗಳೆಲ್ಲ ಮಾರಾಟವಾಗಬೇಕು, ಏರಿ ಸರೋವರದ ದಡದಲ್ಲಿ ಅವಳ ತಂಗಿಯ ಮನೆಯ ಪಕ್ಕದ ಪುಟ್ಟ ಮನೆ ತಮ್ಮದಾಗಬೇಕು. ಹನ್ನೊಂದು ವರ್ಷದ ಹಿಂದೆ, ಒಂದು ಭಾನುವಾರ, ಬಾಯಿ ತುಂಬ ಹುರಿದ ಕೋಳಿ ಇಟ್ಟುಕೊಂಡು ಎಲ್ವುಡ್ ಇದಕ್ಕೆ ಹ್ಞೂಂ ಅಂದಿದ್ದ. ಕೋಳಿ ಎಂದೋ ಕರಗಿತ್ತು, ಹ್ಞೂಂ ಮಾತ್ರ ನಡೀನಳ ನೆನಪಿನಲ್ಲಿ ಹಾಗೇ ಉಳಿದಿತ್ತು.

"ನಾನೋ ಗೊಂಬೆಗಳೋ ಅಂತ ಕೇಳ್ತಾ ಇಲ್ಲ ಎಲ್ವುಡ್," ಎಂದಳು ಅವಳು. "ಕೇಳಿದ್ರೆ ನೀನು ಯೋಚ್ನೆ ಮಾಡೋಕೆ ಟೈಮ್ ತಗೋತೀಯ, ಆಮೇಲೆ ನಂಗೆ ಬೇಜಾರಾಗುತ್ತೆ. ಮಾತು ಕೊಟ್ಟಿದ್ದೀಯ, ನಡೆಸ್ಕೊಡು. ಅಷ್ಟೇ."

ಅವಳು ಹೇಳುವುದರಲ್ಲಿ ತಪ್ಪೇ ಇರಲಿಲ್ಲ. ಎಲ್ವುಡ್‌ನ ದೊಡ್ಡ ದೂರೇ ಅದು. ಮೂವತ್ತೊಂದು ವರ್ಷ ಅವನು ಹಾರ್ಬಿನ್ಸ್‌ವಿಲ್ ಹೈಸ್ಕೂಲಿನ ಬ್ಯಾಂಡ್ ಮೇಷ್ಟ್ರಾಗಿ ಊರ ಮಕ್ಕಳ ಅಪಸ್ವರಗಳನ್ನೆಲ್ಲ ಕೇಳಿದ್ದ. ಸಂಜೆ ಮನೆಗೆ ಬಂದು, ಕೀ ಕೊಟ್ಟರೆ ಕೊಟ್ಟಷ್ಟು ಹೊತ್ತು ತಾಳ ತಪ್ಪದೆ ನಡೆಯುವ ತಗಡಿನ ಜೀವಗಳನ್ನು ನೋಡಿದಾಗಲೇ ಅವನಿಗೆ ಜಗತ್ತು ಸರಿಯಿದೆ ಅನ್ನಿಸುತ್ತಿತ್ತು. ಒಟ್ಟು ನಲವತ್ತು. ಕಾಳು ಕುಕ್ಕುವ ಕೋಳಿ, ಪೆಟ್ಟಿಗೆ ತಳ್ಳುವ ಕೂಲಿಯವನು, ಎಂಟು ಕುದುರೆಗಳು ಸುತ್ತುವ ಜಾತ್ರೆಯ ರಾಟೆ, ನಾಲ್ಕು ಹೊಗೆಕೊಳವೆಯ ಹಡಗು. ಎಲ್ಲಕ್ಕಿಂತ ಮೊದಲು ಕೊಂಡದ್ದು ನಗಾರಿ ಬಾರಿಸುವ ಕರಡಿ. ಮೊದಲ ತಿಂಗಳ ಸಂಬಳದಲ್ಲಿ, ನಡೀನಳಿಗೆ ಉಂಗುರ ಕೊಳ್ಳುವುದಕ್ಕೂ ಒಂದು ವಾರ ಮುಂಚೆ. ಈ ಒಂದು ವಾರದ ವಿಷಯ ಅವಳಿಗೆ ಗೊತ್ತಿರಲಿಲ್ಲ. ಯಾರೋ ಅಪರಿಚಿತರ ಕೈ ಆ ಕರಡಿಗೆ ಒಂದು ಸುತ್ತು ಜಾಸ್ತಿ ಕೀ ಕೊಟ್ಟು ಸ್ಪ್ರಿಂಗ್ ಕಡಿದುಹಾಕುವುದನ್ನು ನೆನೆಸಿಕೊಂಡರೆ ಎಲ್ವುಡ್ ಎದ್ದು ಹೋಗಿ ಕರಡಿಯನ್ನು ಕಪಾಟಿನ ಹಿಂದಕ್ಕೆ ಸರಿಸುತ್ತಿದ್ದ.

ಯೋಜನೆ ಹೊಳೆದದ್ದು ಸ್ನಾನದ ತೊಟ್ಟಿಯಲ್ಲಿ. ಆ ಮಧ್ಯಾಹ್ನ ಫ್ಲಾಯ್ಡ್ ಆಮ್‌ಸ್ಟುಟ್ಜ್ ಮನೆಗೆ ಬಂದಿದ್ದ. ಫ್ಲಾಯ್ಡ್ ಊರಿನ ವಿಮೆ ಏಜೆಂಟು, ಊರ ಬ್ಯಾಂಡಿನಲ್ಲಿ ಟ್ರಾಂಬೋನ್ ಊದುವವನೂ ಹೌದು. ಮಾರುವುದಕ್ಕೆ ಮೊದಲು ಸರಿಯಾಗಿ ಬೆಲೆ ಕಟ್ಟಿಸಿ, ಬೆಲೆ ಕಟ್ಟಿದ ಮೇಲೆ ವಿಮೆ ಮಾಡಿಸಿ, ನೋಡಲಿಕ್ಕೆ ನಾನಾ ನಮೂನೆಯ ಜನ ಮನೆಗೆ ಬರುತ್ತಾರೆ ಎಂದು ನಡೀನಳಿಗೆ ಬುದ್ಧಿ ಹೇಳಿ ಹೋಗಿದ್ದ. ಎಲ್ವುಡ್ ಸಾಬೂನು ಹುಡುಕುತ್ತಾ ಅದನ್ನೇ ಮೆಲುಕು ಹಾಕಿದ. ವಿಮೆಯಿರುವ ವಸ್ತು ಕಳವಾದರೆ ದುಡ್ಡು ಬರುತ್ತದೆ. ದುಡ್ಡು ಬಂದರೆ ಸರೋವರ ಬರುತ್ತದೆ. ಇನ್ನು ಆಟಿಕೆಗಳು? ಅವುಗಳನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುವವನೇ ಕದ್ದರೆ? ಎಲ್ವುಡ್ ನಗಲಾರಂಭಿಸಿದ. ನಗು ಎಷ್ಟು ಜೋರಾಯಿತೆಂದರೆ ನಡೀನ್ ಬಾಗಿಲು ತಟ್ಟಿ, ಬಿದ್ದೆಯಾ ಎಂದು ಕೇಳಿದಳು. ಇಲ್ಲ, ಎದ್ದೆ ಎಂದ.

ಯಾರಿಗೂ ನಷ್ಟವಿಲ್ಲ. ಹೆಂಡತಿಗೆ ಮನೆ, ಗಂಡನಿಗೆ ಕರಡಿ. ವಿಮೆ ಕಂಪನಿಗೆ ಕೊಲಂಬಸ್‌ನಲ್ಲಿ ಹನ್ನೆರಡು ಮಹಡಿಯ ಗಾಜಿನ ಕಟ್ಟಡವಿದೆ. ಒಂದು ಕಿಟಕಿ ಒರೆಸುವುದು ಬಿಟ್ಟರೆ ಈ ದುಡ್ಡು ಅವರಿಗೆ ಹೊಂದೀತು. ಹೀಗೆ ಅವನ ಮನಸ್ಸಾಕ್ಷಿಯೂ ಸ್ನಾನ ಮುಗಿಸಿ ಒಣಗಿದ ಟವಲು ಸುತ್ತಿಕೊಂಡು ಹೊರಗೆ ಬಂತು.

ಮಾರ್ಚ್ ಇಡೀ ತಿಂಗಳು ಅವನು ಸಂಗ್ರಹವನ್ನು ಸಿದ್ಧಗೊಳಿಸಿದ. ನಡೀನ್ ಬೆರಗಾಗುವಷ್ಟು ಉತ್ಸಾಹದಿಂದ ಸಿದ್ಧಗೊಳಿಸಿದ. ಅವಳು ಹಳೆಯ ಮೇಕಪ್ ಬ್ರಷ್‌ಗಳನ್ನು ಕೊಟ್ಟಳು, ಅವನು ಅವುಗಳಿಂದ ಕುದುರೆಗಳ ಕಿವಿಯ ಧೂಳು ತೆಗೆದ. ಪ್ರತಿಯೊಂದನ್ನೂ ನಾಲ್ಕು ಕಡೆಯಿಂದ ಫೋಟೋ ತೆಗೆದು ಪಟ್ಟಿ ಬರೆದ. ಒಂದು ದಿನ ಅವನು ಅಂಚೆ ಕಚೇರಿಗೆ ಹೋಗಿ ಬರುವಷ್ಟರಲ್ಲಿ ನಡೀನ್ ಬೆಳ್ಳಿ ಉಜ್ಜುವ ಪಾಲಿಶ್ ಹಿಡಿದು ಹಡಗಿನ ಮುಂದೆ ಕೂತಿದ್ದಳು. ಎಲ್ವುಡ್ ಕೂಗಿದ ಕೂಗಿಗೆ ಪಕ್ಕದ ಮನೆಯ ನಾಯಿ ಬೊಗಳಿತು. ಹಳೆಯ ಬಣ್ಣ ಎಷ್ಟು ಮಾಸಿದ್ದರೂ ಅದಕ್ಕೇ ಬೆಲೆ, ಉಜ್ಜಿದರೆ ಹೋಯಿತು ಎಂದು ಅವನು ವಿವರಿಸಿದ. ಹಾಗಾದರೆ ನಿನ್ನ ಬೆಲೆಯೂ ಈಚೆಗೆ ಚೆನ್ನಾಗಿ ಏರಿರಬೇಕು ಎಂದಳು ನಡೀನ್.

ಏಪ್ರಿಲ್‌ನಲ್ಲಿ ಬೆಲೆ ಕಟ್ಟಲು ಟೊಲೀಡೊದಿಂದ ಬಂದವಳು ಲೂಯೆಲ್ಲಾ ಗ್ರೇಬಿಲ್. ಎಪ್ಪತ್ತು ದಾಟಿದ ಪುಟ್ಟ ಹೆಂಗಸು, ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ, ಮಾತು ತೂಕ ಮಾಡಿ ಆಡುವ ಸ್ವಭಾವ. ನೇರಳೆ ಬೆಳಕಿನ ದೀಪ ಹಿಡಿದು ಎಲ್ಲೆಲ್ಲಿ ಹೊಸ ಬಣ್ಣ ಬಳಿದಿದೆಯೆಂದು ನೋಡಿದಳು. ಆಮೇಲೆ ಎಲ್ಲವೂ ಓಡುತ್ತವೆಯೇ ಎಂದು ಕೇಳಿದಳು. ಓಡುವುದಕ್ಕೆ ಮೂರನೇ ಒಂದು ಪಾಲು ಬೆಲೆ ಹೆಚ್ಚು.

ಎಲ್ವುಡ್ ಕಾಯುತ್ತಿದ್ದದ್ದೇ ಆ ಪ್ರಶ್ನೆಗೆ. ಅಡುಗೆಮನೆಯ ಉಗ್ರಾಣದಿಂದ, ಹಿಟ್ಟಿನ ಡಬ್ಬಿಯ ಹಿಂದಿನಿಂದ, ಬಿಸ್ಕತ್ತಿನ ನೀಲಿ ತಗಡಿನ ಡಬ್ಬಿಯೊಂದನ್ನು ತಂದು ಗಲಗಲನೆ ಕುಲುಕಿದ. ಅವನು ಕೊಂಡದ್ದೆಲ್ಲ ಬಿಡಿ ಕೀಯಿರುವ ಆಟಿಕೆಗಳು, ಅದು ಅವನ ಶೋಕಿ. ಡಬ್ಬಿಯೊಳಗೆ ನಲವತ್ತು ಕೀ, ನೋಡಲು ಒಂದರ ಹಾಗೆ ಇನ್ನೊಂದು, ಆದರೆ ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. ಅವನು ಕಣ್ಣು ಮುಚ್ಚಿ ಕೈ ಹಾಕಿದ, ಬೆರಳಲ್ಲಿ ತಡವಿ ಒಂದನ್ನು ತೆಗೆದ, ಕರಡಿಯ ಬೆನ್ನಿಗೆ ತೂರಿಸಿದ. ಕರಡಿ ಬಾರಿಸಿತು.

"ಚೀಟಿ ಅಂಟ್ಸಿಲ್ವಾ ಇವಕ್ಕೆ?" ಎಂದು ಲೂಯೆಲ್ಲಾ ಕೇಳಿದಳು.

"ಚೀಟಿ ಮರೆಯೋರಿಗೆ ಬೇಕು ಕಣ್ರೀ. ಯಾವ್ದು ಯಾರ್ದು ಅಂತ ನನ್ನ ಬೆರಳಿಗೆ ಮಾತ್ರ ಗೊತ್ತು. ಮೂವತ್ತು ವರ್ಷ ಜೊತೆಗಿದ್ದ ಇವಳಿಗೂ ಗೊತ್ತಿಲ್ಲ."

"ನಂಗೆ ಗೊತ್ತಾಗೋದೂ ಬೇಡ," ಎಂದಳು ನಡೀನ್.

ಲೂಯೆಲ್ಲಾ ನಕ್ಕು ಏನೋ ಬರೆದುಕೊಂಡಳು. ಅವಳು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಳು. ಎರಡು ವಾರದ ನಂತರ ಅವಳ ವರದಿ ಬಂತು, ಫ್ಲಾಯ್ಡ್ ವಿಮೆಯ ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋದ, ಎಲ್ವುಡ್ ಕಳ್ಳನನ್ನು ಹುಡುಕತೊಡಗಿದ.

ಹುಡುಕತೊಡಗಿದ ಎಂದರೆ ತಲೆಯೊಳಗೆ. ಇಲ್ಲೇ ತನ್ನ ಜಾಣತನವಿದೆ ಎಂಬುದು ಅವನ ನಂಬಿಕೆ. ಪೆದ್ದರು ಕಳವು ಮಾಡುತ್ತಾರೆ. ಎಲ್ವುಡ್ ಮೊದಲು ಕಳ್ಳನನ್ನು ಮಾಡಿದ. ಕಳ್ಳನ ಹೆಸರು ಗಸ್. ವಯಸ್ಸು ನಲವತ್ತರ ಆಸುಪಾಸು. ಹನ್ನೆರಡನೇ ಸೈಜಿನ ಬೂಟು. ಹತ್ತಿರದ ಲಿಮಾ ಊರಿನ ಕಾರ್ಖಾನೆಯೊಂದರಲ್ಲಿ ಕೆಲಸ ಕಳೆದುಕೊಂಡವನು, ಹೊಟ್ಟೆಬಾಕ, ಅವಸರದವನು, ಮುಖ್ಯವಾಗಿ ಹಳೆಯ ಆಟಿಕೆಗಳ ಗಂಧಗಾಳಿಯಿಲ್ಲದವನು. ಆಟಿಕೆ ಬಲ್ಲವನು ಕದ್ದರೆ ಪೊಲೀಸರು ಬಲ್ಲವರನ್ನು ಹುಡುಕುತ್ತಾರೆ, ಹಾರ್ಬಿನ್ಸ್‌ವಿಲ್‌ನಲ್ಲಿ ಬಲ್ಲವನು ಒಬ್ಬನೇ. ಆದ್ದರಿಂದ ಗಸ್ ದಡ್ಡನಾಗಿರಬೇಕು. ಗಸ್‌ಗೆ ಹೊಳೆಯುವುದೆಲ್ಲ ಬೆಲೆಬಾಳುವುದೇ.

ದಿನಕಳೆದಂತೆ ಎಲ್ವುಡ್‌ಗೆ ಗಸ್ ಮೇಲೆ ಅಕ್ಕರೆ ಹುಟ್ಟಿತು. ಹುಲ್ಲು ಕತ್ತರಿಸುವಾಗ, ಚರ್ಚಿನಲ್ಲಿ ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗ, ಗಸ್ ಇಲ್ಲಿ ಏನು ಮಾಡುತ್ತಾನೆ ಎಂದು ಕೇಳಿಕೊಳ್ಳುತ್ತಿದ್ದ. ಗಸ್ ಒಳ್ಳೆಯ ಶಿಷ್ಯ, ಒಂದು ಸಲ ಹೇಳಿದರೆ ಸಾಕು. ಗಸ್ ಹದಿನಾಲ್ಕು ಆಟಿಕೆ ಒಯ್ಯುತ್ತಾನೆ ಎಂದು ಎಲ್ವುಡ್ ನಿರ್ಧರಿಸಿದ. ಹನ್ನೊಂದು ಎಲ್ವುಡ್‌ನ ಜೀವದಂಥವು. ಮೂರು ಶುದ್ಧ ರದ್ದಿ, ಥಳಥಳ ಹೊಳೆಯುವುದೊಂದೇ ಅವುಗಳ ಗುಣ. ಗಸ್‌ನ ದಡ್ಡತನಕ್ಕೆ ಅವೇ ಸಾಕ್ಷಿ. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಪರಿಪೂರ್ಣತೆ ಎಂಬುದು ಅವನ ತಲೆಗೇರಿತ್ತು. ಇಡೀ ಸಂಗ್ರಹದಲ್ಲಿ ಅತಿ ಹೆಚ್ಚು ಬೆಲೆಯದು ಮಾಸಲು ಹಸಿರು ಬಣ್ಣದ ಒಂದು ಕಾರು, ಒಳಗೆ ಟೋಪಿ ಹಾಕಿದ ಡ್ರೈವರು. ಗಸ್ ಅದನ್ನು ಮುಟ್ಟುವುದಿಲ್ಲ. ಮಂಕಾಗಿದೆ, ಬಣ್ಣ ಎದ್ದಿದೆ. ಕಾರು ಕಪಾಟಿನಲ್ಲೇ ಉಳಿಯಬೇಕು, ಉಳಿದು ಮಾರಾಟವಾಗಬೇಕು. ಎಲ್ವುಡ್ ಆ ಸಂಜೆ ಗ್ಯಾರೇಜಿನಲ್ಲಿ ಕೂತು ನಿಜವಾಗಿ ಅತ್ತ. ಅತ್ತು ಮೂಗು ಒರೆಸಿಕೊಂಡ ಮೇಲೆ, ತನ್ನಷ್ಟು ದೊಡ್ಡ ಅಪರಾಧಿ ಒಹಾಯೊದಲ್ಲಿ ಇನ್ನೊಬ್ಬನಿಲ್ಲ ಎಂಬ ಹೆಮ್ಮೆಯಿಂದ ಅವನ ಎದೆ ಉಬ್ಬಿತು.

ದಿನವನ್ನೂ ಅವನು ಬಲು ಜಾಣತನದಿಂದ ಆರಿಸಿದ. ಮೇ ಕೊನೆಯ ಸೋಮವಾರ, ಯುದ್ಧದಲ್ಲಿ ಮಡಿದವರ ನೆನಪಿನ ಮೆರವಣಿಗೆ. ಹಗಲು ಹತ್ತು ಗಂಟೆಗೆ ಇಡೀ ಊರು ಮುಖ್ಯರಸ್ತೆಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತಿರುತ್ತದೆ, ಅವರ ಬೀದಿಯಲ್ಲಿ ಬೆಕ್ಕೂ ಇರುವುದಿಲ್ಲ. ಎಲ್ವುಡ್ ಊರ ಬ್ಯಾಂಡಿನ ಮುಂದೆ ಕೋಲು ಹಿಡಿದು ನಡೆಯುತ್ತಿರುತ್ತಾನೆ, ಎಂಟುನೂರು ಜನ ಅವನನ್ನು ನೋಡುತ್ತಿರುತ್ತಾರೆ. ಇನ್ನು ಮಾಲು? ಅವನ ಗ್ಯಾರೇಜಿನಲ್ಲಿ ಸೂಸಾಫೋನಿನ ಎರಡು ಭಾರಿ ಖಾಲಿ ಪೆಟ್ಟಿಗೆಗಳಿದ್ದವು. ಮೈಗೆ ಸುತ್ತಿಕೊಂಡು ಊದುವ ಆ ಹಿತ್ತಾಳೆಯ ಹೆಬ್ಬಾವಿಗೆ, ಮರ್ವಿನ್ ಓಕ್ಸ್ ತೀರಿಕೊಂಡ ಮೇಲೆ, ಉಸಿರು ಕೊಡುವವರು ಊರಲ್ಲಿ ಯಾರೂ ಉಳಿದಿರಲಿಲ್ಲ. ಬ್ಯಾಂಡಿನ ಗಾಡಿಯಲ್ಲಿ ಪೆಟ್ಟಿಗೆಗಳು ಹೋಗುತ್ತವೆ, ಬರುತ್ತವೆ. ಅವುಗಳನ್ನು ಯಾರು ತೆರೆದು ನೋಡುತ್ತಾರೆ!

ಆ ಬೆಳಿಗ್ಗೆ ಎಂಟೂವರೆಗೆ ನಡೀನ್ ಚರ್ಚಿನವರು ಪೈ ಮಾರುವ ಮೇಜು ಅಣಿಮಾಡಲು ಹೋದಳು. ಎಲ್ವುಡ್‌ಗೆ ಐವತ್ತು ನಿಮಿಷ ಸಮಯವಿತ್ತು, ಅವನು ಅದನ್ನು ಬ್ಯಾಂಡಿನ ಸ್ವರಲಿಪಿಯ ಹಾಗೆ ಮಾತ್ರೆ ಮಾತ್ರೆಯಾಗಿ ಹಂಚಿಕೊಂಡಿದ್ದ. ಮೂರು ಊರಾಚೆಯ ಹಳೆ ಸಾಮಾನಿನ ಮಾರಾಟದಲ್ಲಿ ಕೊಂಡ ಹನ್ನೆರಡನೇ ಸೈಜಿನ ಬೂಟು ತೊಟ್ಟು ನಡೀನಳ ಹೂವಿನ ಪಾತಿ ತುಳಿದ. ಹಿಂಬಾಗಿಲ ಗಾಜನ್ನು ಹೊರಗಿನಿಂದ, ಟವಲು ಸುತ್ತಿದ ಕಲ್ಲಿನಿಂದ ಒಡೆದ. ಬೆಳ್ಳಿ ಚಮಚಗಳನ್ನು ತೆಗೆದುಕೊಂಡ, ರೇಡಿಯೋ ತೆಗೆದುಕೊಂಡ, ಮೇಜಿನ ಖಾನೆಗಳನ್ನು ನೆಲಕ್ಕೆ ಸುರಿದ. ಹಡಗಿದ್ದ ಜಾಗದಲ್ಲಿ ಕಪಾಟಿನ ಗಾಜಿಗೆ ದೊಡ್ಡ ಕೈಗವಸು ತೊಟ್ಟು ಒರಟಾಗಿ ಒತ್ತಿ ಗುರುತು ಮೂಡಿಸಿದ. ಆಟಿಕೆಗಳನ್ನು ಹಳೆಯ ಬ್ಯಾಂಡ್ ಸಮವಸ್ತ್ರಗಳಲ್ಲಿ ಒಂದೊಂದಾಗಿ ಸುತ್ತಿದ, ಅವುಗಳ ಕೀಗಳನ್ನು ಕಾಲುಚೀಲವೊಂದಕ್ಕೆ ತುಂಬಿ ಡಬ್ಬಿಯನ್ನು ಹಿಟ್ಟಿನ ಹಿಂದಕ್ಕೆ ಸರಿಸಿದ, ಕರಡಿಗೆ ಒಂದೇ ಒಂದು ಸುತ್ತು ಕೀ ಕೊಟ್ಟು ಪ್ರಯಾಣ ಸುಖಕರವಾಗಲಿ ಎಂದು ಹಣೆ ಸವರಿದ. ಪೆಟ್ಟಿಗೆ ಮುಚ್ಚಿದ. ಇನ್ನೂ ಹನ್ನೆರಡು ನಿಮಿಷ ಉಳಿದಿತ್ತು.

ಆ ಹನ್ನೆರಡು ನಿಮಿಷ ಗಸ್‌ನದು. ಫ್ರಿಜ್ಜಿನಲ್ಲಿ ರೂಬಾರ್ಬ್ ದಂಟು ತುಂಬಿ ಬೇಯಿಸಿದ ಪೈ ಇತ್ತು. ಎಲ್ವುಡ್ ಜನ್ಮದಲ್ಲಿ ರೂಬಾರ್ಬ್ ತಿಂದವನಲ್ಲ. ಆ ಹುಳಿ ದಂಟಿನ ವಾಸನೆ ಬಂದರೂ ಊಟದ ಮೇಜಿನಿಂದ ಏಳುತ್ತಾನೆ, ಊರಿಗೆಲ್ಲ ಗೊತ್ತು. ಗಸ್ ಮಾತ್ರ ಹೊಟ್ಟೆಬಾಕ. ಎಲ್ವುಡ್ ಮೂಗು ಹಿಡಿದುಕೊಂಡು, ಗಸ್‌ನ ಹಾಗೆ ಬರಿಗೈಯಲ್ಲಿ ಬಗೆದು, ಕಾಲು ಪೈ ನುಂಗಿದ. ಕಣ್ಣಲ್ಲಿ ನೀರು ಬಂತು. ನೆಲದ ಮೇಲೆ ಚೂರು ಉದುರಿಸಿದ. ಇದಕ್ಕಿಂತ ಗಟ್ಟಿ ಸಾಕ್ಷಿ ಯಾವ ನ್ಯಾಯಾಲಯದಲ್ಲೂ ಇಲ್ಲ ಅಂದುಕೊಂಡ. ದಾರಿಯಲ್ಲಿ ಬೂಟುಗಳನ್ನು ಬಡವರಿಗೆ ಬಟ್ಟೆ ಹಾಕುವ ಡಬ್ಬಕ್ಕೆ ಹಾಕಿದ. ಗಸ್ ದಡ್ಡನಿರಬಹುದು, ದಾನಿಯೂ ಹೌದು.

ಮೆರವಣಿಗೆ ಹೊರಡುವಲ್ಲಿ ಎಲ್ವುಡ್‌ನ ಕಾರಿನಿಂದ ಬ್ಯಾಂಡಿನ ಗಾಡಿಗೆ ಪೆಟ್ಟಿಗೆ ಏರಿಸಲು ಕೈಜೋಡಿಸಿದವನು ವಿಮೆಯ ಫ್ಲಾಯ್ಡ್‌ನೇ. ಎತ್ತಿದವನು ಮುಖ ಕೆಂಪಗೆ ಮಾಡಿಕೊಂಡು, "ಏನಿಟ್ಟಿದ್ದೀಯ ಮಾರಾಯಾ, ಮರ್ವಿನ್‌ನೇ ಒಳಗೆ ಮಲಗ್ಸಿದ್ದೀಯಾ?" ಎಂದ.

"ಸ್ವರಲಿಪಿ ಇಡೋ ಸ್ಟ್ಯಾಂಡುಗಳು. ನಿಧಾನಕ್ಕೆ ಇಡು, ಬಗ್ಗಿ ಹೋಗ್ತವೆ."

ಫ್ಲಾಯ್ಡ್ ನಿಧಾನಕ್ಕೆ ಇಟ್ಟ. ತಾನೇ ವಿಮೆ ಮಾಡಿದ ಮಾಲನ್ನು ಕಳವಾಗುತ್ತಿರುವಾಗ ತಾನೇ ಹೊತ್ತು, ಜೋಪಾನವಾಗಿ ಇಟ್ಟು, ಬೆವರು ಒರೆಸಿಕೊಂಡ. ಎಲ್ವುಡ್‌ಗೆ ಸ್ವರ್ಗಕ್ಕೆ ಮೂರೇ ಗೇಣು.

ಉದ್ಯಾನದಲ್ಲಿ ಮೆರವಣಿಗೆ ಮುಗಿದು, ಪಾದ್ರಿ ಮಡಿದವರ ಹೆಸರುಗಳನ್ನು ಓದಿ, ಒಂದು ನಿಮಿಷ ಮೌನ ಎಂದರು. ಎಂಟುನೂರು ಜನ ಟೋಪಿ ತೆಗೆದು ತಲೆ ಬಾಗಿಸಿದರು. ಎಲೆ ಅಲುಗಿದರೂ ಕೇಳುವಂಥ ಮೌನ. ಆಗ ಬ್ಯಾಂಡಿನ ಹಿಂದಿನಿಂದ ಸಣ್ಣಗೆ, ಬಲು ಸ್ಪಷ್ಟವಾಗಿ ಕೇಳಿಸಿತು: ಟಕ, ಟಕ, ಟಕ. ಕರಡಿ! ಗಾಡಿಯ ಕುಲುಕಾಟದಲ್ಲಿ ಸಿಕ್ಕಿಕೊಂಡಿದ್ದ ಸ್ಪ್ರಿಂಗ್ ಈಗ ಸಡಿಲವಾಗಿತ್ತು. ಒಂಬತ್ತು ಪೆಟ್ಟು, ತಾಳ ತಪ್ಪದೆ, ಮೂವತ್ತೊಂದು ವರ್ಷದಲ್ಲಿ ಅವನ ಒಬ್ಬ ಶಿಷ್ಯನೂ ಬಾರಿಸದಷ್ಟು ಶುದ್ಧವಾಗಿ. ಊರೆಲ್ಲ ತಿರುಗಿ ನಗಾರಿಯ ಕ್ಲಾರೆನ್ಸ್ ಯೋಹೊನನ್ನು ದುರುಗುಟ್ಟಿ ನೋಡಿತು. ಎಪ್ಪತ್ನಾಲ್ಕರ ಕ್ಲಾರೆನ್ಸ್‌ಗೆ ಕಿವಿ ಮಂದ, ತನ್ನ ಮೇಲೆ ತನಗೇ ಅನುಮಾನ; ಅವನು ಕೋಲುಗಳನ್ನು ಮೆಲ್ಲಗೆ ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ. ಆಮೇಲೆ ಯೋಧನೊಬ್ಬನ ವಿಧವೆ ಎಲ್ವುಡ್‌ನ ಕೈ ಹಿಡಿದು, ಆ ನಗಾರಿ ಕೇಳಿ ಅಳು ತಡೆಯಲಾಗಲಿಲ್ಲ ಎಂದಳು. ನನಗೂ ಎಂದ ಎಲ್ವುಡ್.

ಪೆಟ್ಟಿಗೆಗಳು ಅಲ್ಲಿಂದ ನೇರ ಬ್ಯಾಂಡಿನ ತಾಲೀಮು ನಡೆಯುವ ಸಭಾಭವನದ ನೆಲಮಾಳಿಗೆಗೆ ಹೋದವು. ಆ ಕೋಣೆಯ ಬೀಗದ ಕೈ ಇರುವುದು ಎಲ್ವುಡ್ ಒಬ್ಬನ ಹತ್ತಿರ.

ಮನೆಗೆ ಬಂದಾಗ ಕೂಗಿದವಳು ನಡೀನ್. ಬಂದವನು ಪೊಲೀಸ್ ಡೆಪ್ಯುಟಿ ಕೋರಿ ಬೆಂಡರ್; ಹದಿನೈದು ವರ್ಷದ ಹಿಂದೆ ಎಲ್ವುಡ್‌ನ ತರಗತಿಯಲ್ಲಿ ಮೂರನೇ ಕ್ಲಾರಿನೆಟ್, ಯಾವಾಗಲೂ ಅರ್ಧ ಮಾತ್ರೆ ತಡ. ಈ ಸಲ ಮಾತ್ರ ಕೋರಿ ತಡಮಾಡಲಿಲ್ಲ. ಹೂಪಾತಿಯ ಹೆಜ್ಜೆ ನೋಡಿದ, ಗಾಜು ಯಾವ ಕಡೆ ಬಿದ್ದಿದೆಯೆಂದು ನೋಡಿದ, ಹಸಿರು ಕಾರಿನ ಮುಂದೆ ಬಹಳ ಹೊತ್ತು ನಿಂತ.

"ಇದು ಆಟಿಕೆ ಗೊತ್ತಿರೋನ ಕೆಲ್ಸ ಅಲ್ಲ ಮೇಷ್ಟ್ರೇ," ಎಂದ. "ಲಿಸ್ಟಲ್ಲಿ ಇದಕ್ಕೇ ಎಲ್ಲಕ್ಕಿಂತ ಜಾಸ್ತಿ ರೇಟು. ಇದನ್ನ ಬಿಟ್ಟು ಆ ಹೊಳೆಯೋ ಕಸ ಹೊತ್ಕೊಂಡು ಹೋಗಿದಾನೆ. ದೊಡ್ಡ ಆಳು, ಹಸಿದಿದ್ದ, ತಲೆ ಅಷ್ಟಕ್ಕಷ್ಟೇ."

ಎಲ್ವುಡ್‌ನ ಕಣ್ಣು ಮಂಜಾಯಿತು. ಕಲಿಸಿದ ಪಾಠವನ್ನು ಹುಡುಗ ಕೊನೆಗೂ ಒಂದು ಸಲ ತಪ್ಪಿಲ್ಲದೆ ಒಪ್ಪಿಸಿದ್ದ. ಅದನ್ನು ದುಃಖವೆಂದುಕೊಂಡು ಮೇಷ್ಟ್ರ ಬೆನ್ನು ಸವರಿ ಕೋರಿ ಹೋದ. ನಡೀನಳ ಸಿಟ್ಟು ಬೇರೆಯದೇ ಆಗಿತ್ತು. ಚಮಚ ಹೋಗಲಿ, ಹಡಗು ಹೋಗಲಿ, ಕೈಯಲ್ಲಿ ಬಗೆದು ತಿಂದಿದ್ದಾನಲ್ಲ, ಒಂದು ತಟ್ಟೆ ತೆಗೆದುಕೊಳ್ಳಲು ಅವನಿಗೆ ಏನು ರೋಗ ಎಂದು ವಾರವಿಡೀ ಬೈದಳು. ಎಲ್ವುಡ್ ಗಸ್ ಪರವಾಗಿ ಮನಸ್ಸಿನಲ್ಲೇ ಕ್ಷಮೆ ಕೇಳಿಕೊಂಡ.

ಜೂನ್ ಅವನ ಬಾಳಿನ ಸುಖದ ತಿಂಗಳು. ಪ್ರತಿ ಬುಧವಾರ ಮಧ್ಯಾಹ್ನ ಸ್ವರಲಿಪಿ ಜೋಡಿಸುವ ನೆಪದಲ್ಲಿ ನೆಲಮಾಳಿಗೆಗೆ ಇಳಿದು, ಬಾಗಿಲು ಹಾಕಿ, ಕಾಲುಚೀಲ ಬಿಚ್ಚಿ, ಹದಿನಾಲ್ಕಕ್ಕೂ ಕೀ ಕೊಡುತ್ತಿದ್ದ. ಕೋಳಿ ಕುಕ್ಕಿತು, ಕೂಲಿಯವನು ಪೆಟ್ಟಿಗೆ ತಳ್ಳಿದ, ಆ ಮೂರು ರದ್ದಿಗಳೂ ತಮಗೆ ತಿಳಿದ ಹಾಗೆ ಗಿರಕಿ ಹೊಡೆದವು. ಅವುಗಳ ಮೇಲೂ ಈಗ ಅವನಿಗೆ ಪ್ರೀತಿ, ಉಳಿದವುಗಳ ಜೊತೆಗೇ ಜೈಲಿನಿಂದ ತಪ್ಪಿಸಿಕೊಂಡು ಬಂದವಲ್ಲ! ಮನೆಗೆ ಬಂದರೆ ಸರೋವರದ ಮನೆಯ ಚಿತ್ರಗಳನ್ನು ಹರಡಿಕೊಂಡು ನಡೀನ್ ಹಾಡುತ್ತಿದ್ದಳು. ಮೂವತ್ತು ವರ್ಷದಲ್ಲಿ ಅವಳು ಇಷ್ಟು ಸುಂದರವಾಗಿ ಅವನಿಗೆ ಕಂಡಿರಲಿಲ್ಲ. ಅವನು ಅವಳನ್ನು ಅಡುಗೆಮನೆಯಲ್ಲೇ ಹಿಡಿದು ಕುಣಿಸಿದ. ಎಲ್ಲರೂ ಸುಖವಾಗಿರುವಂತೆ ಮಾಡುವುದು ಇಷ್ಟು ಸುಲಭವಿದ್ದರೆ ಜನ ಯಾಕೆ ಪ್ರಾಮಾಣಿಕರಾಗಿ ಒದ್ದಾಡುತ್ತಾರೆ ಎಂದು ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ.

ಒಂದೇ ಒಂದು ಶಾಸ್ತ್ರ ಬಾಕಿಯಿತ್ತು. ಉಳಿದ ಇಪ್ಪತ್ತಾರು ಆಟಿಕೆಗಳನ್ನು ಕಳ್ಳ ಕೆಡಿಸಿಲ್ಲ ಎಂದು ಲೂಯೆಲ್ಲಾ ನೋಡಿ ಬರೆದುಕೊಟ್ಟರೆ ಕಂಪನಿ ಹಣ ಕಳಿಸುತ್ತದೆ ಎಂದು ಫ್ಲಾಯ್ಡ್ ತಿಳಿಸಿದ್ದ. ಜೂನ್ ಕೊನೆಯ ಶುಕ್ರವಾರ ಅವಳು ಬಂದಳು. ಅದೇ ಹೊತ್ತಿಗೆ ತನ್ನ ವರದಿಗೆ ಸಹಿ ಹಾಕಿಸಲು ಕೋರಿಯೂ ಬಂದ. ನಡೀನ್ ಎಲ್ಲರಿಗೂ ಕಾಫಿ ಬಗ್ಗಿಸಿ, ಬೆಳಿಗ್ಗೆ ಮಾಡಿದ ರೂಬಾರ್ಬ್ ಪೈ ಕತ್ತರಿಸಿದಳು. ಎಲ್ವುಡ್ ಎಂದಿನಂತೆ ಕೈಯಡ್ಡ ಹಿಡಿದ. ಸರೋವರದ ಮನೆಯ ಕಾಗದಗಳು ಹಣ್ಣಿನ ಬುಟ್ಟಿಯ ಕೆಳಗಿದ್ದವು, ಪೆನ್ನೂ ಅಲ್ಲೇ ಇತ್ತು.

ಲೂಯೆಲ್ಲಾ ಭೂತಗನ್ನಡಿಯಲ್ಲಿ ಎಲ್ಲವನ್ನೂ ನೋಡಿದಳು. ಬಣ್ಣ ಹಾಗೇ ಇದೆ, ಪೆಟ್ಟು ಬಿದ್ದಿಲ್ಲ. ಓಡಿಸಿ ನೋಡಬಹುದೇ ಎಂದು ಕೇಳಿದಳು.

ಓಡಿಸುವುದೇ? ಎಲ್ವುಡ್ ಚಿಮ್ಮಿ ಎದ್ದು ಉಗ್ರಾಣದಿಂದ ನೀಲಿ ಡಬ್ಬಿ ತಂದ. ಈ ಸಲ ಅವನು ಕಣ್ಣಿಗೆ ಕರವಸ್ತ್ರವನ್ನೇ ಕಟ್ಟಿಕೊಂಡ. ಕೈ ಹಾಕಿದ, ತಡವಿದ, ತೆಗೆದ: ಕಪ್ಪೆ. ಮತ್ತೆ ಹಾಕಿದ: ಸೈಕಲ್ಲಿನ ಹುಡುಗಿ. ಒಂದೂ ತಪ್ಪಲಿಲ್ಲ. ಕೋರಿ ಚಪ್ಪಾಳೆ ತಟ್ಟಿದ, ನಡೀನ್ ಕೂಡ ನಕ್ಕಳು. ಬೇಗ, ಇನ್ನೂ ಬೇಗ. ಊಟದ ಮೇಜಿನ ತುಂಬ ತಗಡಿನ ಜೀವಗಳು ಕುಣಿದವು, ಕಪ್ಪೆ ಕಾಫಿ ಬಟ್ಟಲಿಗೆ ಡಿಕ್ಕಿ ಹೊಡೆಯಿತು. ಕೊನೆಯದಾಗಿ ಹಸಿರು ಕಾರಿನ ಕೀ. ಡ್ರೈವರು ಗಂಭೀರವಾಗಿ ಪೈ ತಟ್ಟೆಯನ್ನು ಒಂದು ಸುತ್ತು ಹಾಕಿ ಬಂದ. ಎಲ್ವುಡ್ ಕರವಸ್ತ್ರ ಬಿಚ್ಚಿ, ಮೆರವಣಿಗೆ ಮುಗಿದಾಗ ಮಾಡುವಂತೆ ಸೊಂಟ ಬಗ್ಗಿಸಿ ನಮಸ್ಕರಿಸಿದ.

ಲೂಯೆಲ್ಲಾ ಮಾತ್ರ ಡಬ್ಬಿಯನ್ನು ನೋಡುತ್ತಿದ್ದಳು. ಅದನ್ನು ಎತ್ತಿ, ತಲೆಕೆಳಗು ಮಾಡಿ, ಬುಡಕ್ಕೆ ಎರಡು ಸಲ ತಟ್ಟಿದಳು. ಒಳಗಿಂದ ಏನೂ ಬೀಳಲಿಲ್ಲ. "ಸ್ಟ್ರಾಯರ್ ಅವ್ರೇ, ಏಪ್ರಿಲ್‌ನಲ್ಲಿ ಇದ್ರಲ್ಲಿ ನಲವತ್ತು ಕೀ ಇತ್ತು, ನಾನು ಬರ್ಕೊಂಡಿದೀನಿ," ಎಂದಳು ಮೆಲ್ಲಗೆ. "ಈಗ ಇಪ್ಪತ್ತಾರಿದೆ. ಉಳಿದಿರೋ ಗೊಂಬೆ ಒಂದೊಂದಕ್ಕೂ ಅದ್ರದ್ದೇ. ಗಾಜು ಒಡೆದು ಬಂದೋನು ಅಡುಗೆಮನೆಗೆ ಹೋಗಿ, ಹಿಟ್ಟಿನ ಹಿಂದಿನ ಡಬ್ಬಿ ತೆಗೆದು, ಚೀಟಿಯಿಲ್ಲದ ನಲವತ್ತರಲ್ಲಿ ತನ್ನ ಹದಿನಾಲ್ಕನ್ನ ಮಾತ್ರ ಆರಿಸ್ಕೊಂಡು, ಡಬ್ಬಿ ಮುಚ್ಚಿ ವಾಪಸ್ ಇಟ್ಟು ಹೋದ್ನಾ?" ಮೇಜಿನ ಮೇಲೆ ಆಟಿಕೆಗಳು ಒಂದೊಂದಾಗಿ ನಿಂತವು. ಕೋರಿ ಸಹಿಯಿಲ್ಲದ ವರದಿಯನ್ನು, ಅರ್ಧ ಮಾತ್ರೆ ತಡವಾಗಿ, ತನ್ನ ಕಡೆಗೆ ಎಳೆದುಕೊಂಡ. ಎಲ್ವುಡ್ ಮನಸ್ಸಿನಲ್ಲೇ ಗಸ್‌ನನ್ನು ಕೂಗಿ ಕರೆದ. ಇಷ್ಟು ದಿನ ಕರೆದಾಗಲೆಲ್ಲ ಬರುತ್ತಿದ್ದ ಗಸ್ ಈಗ ಬರಲಿಲ್ಲ. ನಡೀನ್ ಯಾರ ಮುಖವನ್ನೂ ನೋಡದೆ ಹಣ್ಣಿನ ಬುಟ್ಟಿಯ ಕೆಳಗಿನ ಕಾಗದಗಳನ್ನು ತೆಗೆದು ಮಡಚಿದಳು. ಆಮೇಲೆ ರೂಬಾರ್ಬ್ ಪೈಯ ದೊಡ್ಡ ತುಂಡೊಂದನ್ನು ಕತ್ತರಿಸಿ, ತಟ್ಟೆಯಲ್ಲಿಟ್ಟು, ಚಮಚವಿಲ್ಲದೆ ಗಂಡನ ಮುಂದೆ ಸರಿಸಿದಳು.